ಮೊಗ ಒಂದು ಕಡೆ, ನಡೆ ಒಂದು ಕಡೆ: ಹಾಯಿದೋಣಿಯ ‘ದಿಕ್ಕು’ಗಳಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ಮೂರು ಪದಗಳಿಗೆ ನಿಮ್ಮ ನೆರವು ಬೇಕು.

ನಾನಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ. ಗೆಳೆಯನೊಬ್ಬನ ಬಳಿ ಪುಟ್ಟ ಹಾಯಿದೋಣಿ ಇದೆ. ಬೇಸಿಗೆಯಲ್ಲಿ ಅವನ ಜೊತೆ ಹಗ್ಗ ಎಳೆಯಲು, ಚುಕ್ಕಾಣಿ ಹಿಡಿಯಲು ಹೋಗುತ್ತೇನೆ. ಈಚೆಗೆ ಕುಮಟಾದಲ್ಲಿರುವ ಅಕ್ಕನ ಮಗ, “ಮಾವ, ಫೋನು ನೋಡಿಕೊಂಡು ಸಮುದ್ರದಲ್ಲಿ ದಾರಿ ಹೇಗೆ ಹಿಡಿಯುತ್ತೀರಿ? ಕನ್ನಡದಲ್ಲಿ ಬರೆದು ಕಳಿಸಿ” ಅಂದ. ಕೂತು ಬರೆದೆ. ಆಮೇಲೆ ಓದಿದರೆ ನನಗೇ ಅರ್ಥವಾಗಲಿಲ್ಲ. ಹೆಡಿಂಗ್ (ದೋಣಿಯ ಮೂತಿ ಇರುವ ಕಡೆ), ಕೋರ್ಸ್ ಓವರ್ ಗ್ರೌಂಡ್ (ದೋಣಿ ನಿಜವಾಗಿ ಸಾಗುವ ಕಡೆ), ಬೇರಿಂಗ್ (ನಾವಿರುವಲ್ಲಿಂದ ಒಂದು ಜಾಗ ಯಾವ ಕಡೆಗಿದೆ ಅನ್ನುವುದು) ಮೂರಕ್ಕೂ ‘ದಿಕ್ಕು’ ಅಂತಲೇ ಬರೆದಿದ್ದೆ.

ರಸ್ತೆಯಲ್ಲಿ ಇದು ತೊಂದರೆಯೇ ಅಲ್ಲ. ಕಾರಿನ ಮೂತಿ ಯಾವ ಕಡೆಗೋ ಕಾರು ಹೋಗುವುದೂ ಆ ಕಡೆಗೇ. ನೀರಲ್ಲಿ ಹಾಗಲ್ಲ. ಒಂದು ನಿಜವಾದ ದಾರಿಯನ್ನೇ ತೆಗೆದುಕೊಳ್ಳೋಣ. ಇಲ್ಲಿನ ನೀಡಲ್ಸ್ ಬಂಡೆಗಳಿಂದ ಫ್ರಾನ್ಸಿನ ಶೆರ್ಬೂರ್ಗ್ ಬಂದರು ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ, ಸುಮಾರು 60 ನಾಟಿಕಲ್ ಮೈಲಿ. ಅಂದರೆ ಅಕ್ಷಾಂಶದಲ್ಲಿ ಒಂದು ಡಿಗ್ರಿ. ನಮ್ಮ ದೋಣಿಯ ವೇಗ 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ, ಹಾಗಾಗಿ ಹನ್ನೆರಡು ಗಂಟೆಯ ಪಯಣ. ನಡುವಿನ ಇಂಗ್ಲಿಷ್ ಕಾಲುವೆಯ ನೀರು ಉಬ್ಬರವಿಳಿತದಿಂದಾಗಿ ಸುಮಾರು ಆರು ಗಂಟೆ ಪೂರ್ವಕ್ಕೆ ಹರಿಯುತ್ತದೆ, ಮುಂದಿನ ಆರು ಗಂಟೆ ಪಶ್ಚಿಮಕ್ಕೆ. ಅದರ ವೇಗ ಎರಡೂವರೆ ನಾಟ್ ಅಂತ ಇಟ್ಟುಕೊಳ್ಳಿ.

ಈಗ ನಾನು ದಿಕ್ಸೂಚಿ ನೋಡಿ 180ಕ್ಕೆ ಮೂತಿ ಹಿಡಿದಿದ್ದೇನೆ (ಉತ್ತರದಿಂದ ಬಲಕ್ಕೆ ಎಣಿಸುವ ಡಿಗ್ರಿ, 180 ಅಂದರೆ ನೇರ ದಕ್ಷಿಣ). ನೀರು ದೋಣಿಯನ್ನು ಪಕ್ಕಕ್ಕೆ ಎಳೆಯುತ್ತಿದೆ. ಜಿಪಿಎಸ್ ಇರುವ ಟ್ಯಾಬ್ಲೆಟ್ಟಿನ ತೆರೆ 153 ಅನ್ನುತ್ತದೆ. ದೋಣಿ ನಿಜವಾಗಿ ಸಾಗುತ್ತಿರುವುದು ಆ ಕಡೆಗೆ. ಮೂರು ಗಂಟೆ ಕಳೆಯಿತು, ಏಳೂವರೆ ಮೈಲಿ ಪೂರ್ವಕ್ಕೆ ಸರಿದಿದ್ದೇವೆ. ಈಗ ಶೆರ್ಬೂರ್ಗ್ ಇರುವುದು 189ರಲ್ಲಿ. ಒಂದೇ ದೋಣಿ, ಒಂದೇ ಹೊತ್ತು, ಮೂರು ಅಂಕಿ. ಮೂರಕ್ಕೂ ‘ದಿಕ್ಕು’ ಅಂದರೆ ಓದಿದವನ ಗತಿ?

ನನ್ನ ಗತಿಯನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಗೆಳೆಯ “180 ಹಿಡಿ” ಅಂತ ಹೇಳಿ ಚಹಾ ಮಾಡಲು ಕೆಳಗೆ ಹೋದ. ನಾನು ಟ್ಯಾಬ್ಲೆಟ್ಟಿನಲ್ಲಿ 180 ಬರುವವರೆಗೆ ಚುಕ್ಕಾಣಿ ತಿರುಗಿಸಿದೆ. ಅವನು ಮೇಲೆ ಬಂದು ನೋಡಿದರೆ ಮೂತಿ 210ಕ್ಕೆ ತಿರುಗಿದೆ, ಕಡಲ ತಳಕ್ಕೆ ಹೋಲಿಸಿದರೆ ನಮ್ಮ ವೇಗ ಐದೂವರೆ ನಾಟ್‌ನಿಂದ ನಾಲ್ಕು ಚಿಲ್ಲರೆಗೆ ಇಳಿದಿದೆ. ತೆರೆಯ ಮೇಲೆ ಗೆರೆ ಮಾತ್ರ ಅಚ್ಚುಕಟ್ಟಾಗಿ ನೇರವಾಗಿತ್ತು! ಆರು ಗಂಟೆ ಬಿಟ್ಟರೆ ನೀರೇ ನಮ್ಮನ್ನು ವಾಪಸು ತರುತ್ತಿತ್ತು. ಅದರ ಜೊತೆ ಸುಮ್ನೆ ಜಗಳವಾಡುತ್ತಿದ್ದೆ.

ಫೋನು ಈ ಗೊಂದಲವನ್ನು ಇನ್ನೂ ಜಾಸ್ತಿ ಮಾಡುತ್ತದೆ. ಜಿಪಿಎಸ್‌ಗೆ ದೋಣಿಯ ಮೂತಿ ಎತ್ತ ಇದೆ ಅಂತ ಗೊತ್ತೇ ಇಲ್ಲ. ಅದಕ್ಕೆ ಗೊತ್ತಾಗುವುದು ನಾವು ಎಲ್ಲಿದ್ದೇವೆ, ಎತ್ತ ಸರಿಯುತ್ತಿದ್ದೇವೆ ಅನ್ನುವುದಷ್ಟೇ. ಲಂಗರು ಹಾಕಿ ನಿಂತಾಗ ನೋಡಿ, ಆ ಅಂಕಿ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಫೋನಿನೊಳಗೆ ಕಾಂತದ ದಿಕ್ಸೂಚಿಯೂ ಇದೆ ನಿಜ. ಆದರೆ ಅದು ತೋರಿಸುವುದು ಫೋನಿನ ಮೂತಿಯನ್ನು. ಅಡ್ಡ ಇಟ್ಟರೆ ಅಡ್ಡ ತೋರಿಸುತ್ತದೆ. ಹತ್ತಿರ ಸ್ಪೀಕರೋ ಕಬ್ಬಿಣವೋ ಇದ್ದರಂತೂ ಕೇಳುವುದೇ ಬೇಡ. (ಅಂದ ಹಾಗೆ, ಬರೀ ವೈಫೈ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದೇ ಇಲ್ಲ, ಸಿಮ್ ಹಾಕುವ ಮಾದರಿಯೇ ಬೇಕು. ನಕ್ಷೆಯನ್ನು ದಡದಲ್ಲೇ ಇಳಿಸಿಕೊಂಡಿರಬೇಕು. ಇದು ಪದಚರ್ಚೆಯಲ್ಲ, ಆದರೂ ಕೊಳ್ಳುವವರಿಗೆ ಇರಲಿ.)

ಇನ್ನು ನಾನು ಯೋಚಿಸಿದ ಪದಗಳು.

ಹೆಡಿಂಗ್‌ಗೆ ‘ಮೊಗ’. ‘ಪೂರ್ವಕ್ಕೆ ಮುಖ ಮಾಡಿದ ಮನೆ’ ಅನ್ನುತ್ತೇವಲ್ಲ, ಅದೇ ಅರ್ಥ. ‘ಮೊಗ 180’ ಅಂತ ಕೂಗಿ ಹೇಳಲೂ ಬರುತ್ತದೆ. ಗಾಳಿಯಲ್ಲಿ ಉದ್ದ ಪದ ಕೇಳಿಸುವುದಿಲ್ಲ.

ಕೋರ್ಸ್ ಓವರ್ ಗ್ರೌಂಡ್‌ಗೆ ಮೊದಲು ‘ಜಾಡು’ ಅಂದುಕೊಂಡೆ. ಸರಿಹೋಗಲಿಲ್ಲ. ಜಾಡು ನಾವು ಹಿಂದೆ ಬಿಟ್ಟು ಬಂದದ್ದು. ಆಪ್‌ನಲ್ಲಿ ದೋಣಿಯ ಹಿಂದೆ ಮೂಡುವ ಗೆರೆಗೆ ಆ ಪದ ಬೇಕು. ಆದ್ದರಿಂದ ‘ನಡೆ’. ಮೊಗ 180, ನಡೆ 153. ‘ನುಡಿ ಒಂದು, ನಡೆ ಒಂದು’ ಅನ್ನುವವರಿಗೆ ಬೇಗ ಹಿಡಿಸುತ್ತದೆ ಅನ್ನಿಸಿತು.

ಕಷ್ಟವಾಗಿರುವುದು ಬೇರಿಂಗ್. ‘ಗುರಿದಿಕ್ಕು’ ಅಂದರೆ ಅರ್ಧ ಮಾತ್ರ ಸರಿ. ಟ್ಯಾಬ್ಲೆಟ್ ಕೈಕೊಟ್ಟಾಗ ಎರಡು ದೀಪಸ್ತಂಭಗಳ ಬೇರಿಂಗ್ ಅಳೆದು, ಕಾಗದದ ನಕ್ಷೆಯ ಮೇಲೆ ಗೆರೆ ಎಳೆದು, ಅವು ಕೂಡುವ ಕಡೆ ನಾವಿದ್ದೇವೆ ಅಂತ ತಿಳಿಯುತ್ತೇವೆ. ಆ ದೀಪಸ್ತಂಭಗಳು ನಮ್ಮ ಗುರಿಯಲ್ಲ. ಹತ್ತಿರ ಹೋದರೆ ಬಂಡೆ! ಖಗೋಳದ ಬರಹಗಳಲ್ಲಿ ‘ದಿಗಂಶ’ ಇದೆ. ಅರ್ಥ ಕರಾರುವಾಕ್ಕು, ಆದರೆ ಅಳಿಯ ಅದನ್ನು ಬಳಸುವುದಿಲ್ಲ. ‘ಆ ತೆಂಗಿನ ಮರದ ನೇರಕ್ಕೆ ನೋಡು’ ಅನ್ನುವಾಗಿನ ‘ನೇರ’ ನನಗೆ ಇಷ್ಟ. ‘ದೀಪದ ನೇರ 040, ಬಂದರಿನ ನೇರ 189.’ ಅಡ್ಡಿ ಏನೆಂದರೆ, ‘ನೇರ ಹೋಗು’ ಅಂದಾಗ ಬೇರೆಯೇ ಅರ್ಥ ಬರುತ್ತದೆ. ‘ನೇರಗೆರೆ’ ಅಂದರೆ ರೇಖಾಗಣಿತ ನೆನಪಾಗುತ್ತದೆ, ಅಲ್ವಾ?

ನಾಟ್‌ಗೆ ‘ಗಂಟು’ ಮಾಡಬಹುದು. ಹಿಂದೆ ಹಗ್ಗದ ಗಂಟು ಎಣಿಸಿಯೇ ವೇಗ ಅಳೆಯುತ್ತಿದ್ದರು. ಆದರೆ ಎಲ್ಲರೂ ನಾಟ್ ಅನ್ನುತ್ತಾರೆ, ಅದೇ ಇರಲಿ. ‘ಗಂಟೆಗೆ 5 ನಾಟ್’ ಅಂತ ಮಾತ್ರ ಬರೆಯಬೇಡಿ. ನಾಟ್ ಅಂದರೇನೇ ಗಂಟೆಗೆ ಒಂದು ನಾಟಿಕಲ್ ಮೈಲಿ, 1,852 ಮೀಟರ್.

ಮುಖ್ಯವಾಗಿ ಕರಾವಳಿಯವರನ್ನು ಕೇಳಬೇಕು. ಚಿಕ್ಕವನಿದ್ದಾಗ ತದಡಿಯಿಂದ ನದಿಯ ಆಚೆ ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುತ್ತಿದ್ದೆವು. ಇಳಿತದ ಹೊತ್ತಲ್ಲಿ ನೀರು ಕಡಲಿಗೆ ಎಳೆಯುತ್ತದೆ. ಆಗ ಅಂಬಿಗ ಮೂತಿಯನ್ನು ಮೇಲ್ಗಡೆಗೆ ತಿರುಗಿಸಿ, ಏಡಿಯ ಹಾಗೆ ಅಡ್ಡಡ್ಡ ಸಾಗಿಸಿ, ಸರಿಯಾಗಿ ಆಚೆ ದಡದ ಮೆಟ್ಟಿಲಿಗೇ ತಂದು ಮುಟ್ಟಿಸುತ್ತಿದ್ದ. ಹಾಗೆ ತಿರುಗಿಸಿ ಹಿಡಿಯುವುದಕ್ಕೆ ನಿಮ್ಮ ಕಡೆಯ ಅಂಬಿಗರು, ಮೀನುಗಾರರು ಏನನ್ನುತ್ತಾರೆ? ನೀರಿನ ಎಳೆತಕ್ಕೆ ಒಂದು ಪದ, ಗಾಳಿ ಪಕ್ಕಕ್ಕೆ ತಳ್ಳುವುದಕ್ಕೆ ಬೇರೊಂದು ಪದ ಇದೆಯೇ? ತುಳು, ಕೊಂಕಣಿಯ ಪದವಾದರೂ ಸರಿ, ಯಾವ ಊರಲ್ಲಿ ಕೇಳಿದ್ದು ಅಂತ ಜೊತೆಗೆ ಬರೆಯಿರಿ.