ಹೊರದೇಶದಲ್ಲಿ ಚಿಕಿತ್ಸೆ ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಹೊರದೇಶಕ್ಕೆ ಬಂದು ಎಂಟು ತಿಂಗಳಾಯಿತು. ನಮ್ಮ ಯಜಮಾನರಿಗೆ ಆರು ವರ್ಷದಿಂದ ಶುಗರ್ ಇದೆ. ಹೋದ ತಿಂಗಳು ಕಿಡ್ನಿ ನೋಡಲು ಹೊಟ್ಟೆಯ ಸ್ಕ್ಯಾನ್ ಮಾಡಿದಾಗ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿತು. ಒಂದು ದಿನವೂ ಹೊಟ್ಟೆನೋವು ಬಂದವರಲ್ಲ.

ಮೊದಲು ತೋರಿಸಿದ್ದು ಹಳೇ ಕಟ್ಟಡದ ಒಂದು ಆಸ್ಪತ್ರೆಯಲ್ಲಿ. ಮೂರು ಗಂಟೆ ಕಾದೆವು. ಡಾಕ್ಟರ್ ಹತ್ತು ನಿಮಿಷ ನೋಡಿ, ನೋವಿಲ್ಲದಿದ್ದರೆ ಏನೂ ಬೇಡ ಎಂದು ಒಂದು ಚೀಟಿ ಕೊಟ್ಟು ಕಳಿಸಿದರು. ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಮನಸ್ಸು ತಡೆಯದೆ ಇನ್ನೊಂದು ಆಸ್ಪತ್ರೆಗೆ ಹೋದೆವು. ಫಳಫಳ ಹೊಳೆಯುವ ಜಾಗ, ಕಾಯುವ ಕೆಲಸವೇ ಇಲ್ಲ. ಸರ್ಜನ್ ಅರ್ಧ ಗಂಟೆ ಕೂತು ಮಾತಾಡಿ, ಶುಕ್ರವಾರವೇ ತೆಗೆದುಬಿಡೋಣ ಎಂದರು.

ಇದರ ಮಧ್ಯೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಿಪೋರ್ಟಿನಲ್ಲಿ 53 ಎಂದು ಬಂದಿದೆ. ಹೋದ ವರ್ಷ 7 ಇತ್ತು! ನಮಗೆ ಇಲ್ಲಿನ ಭಾಷೆ ಅರ್ಧಂಬರ್ಧ. ರಾತ್ರಿ ನಿದ್ದೆ ಬರುತ್ತಿಲ್ಲ. ಯಾರನ್ನು ನಂಬಲಿ?

ಉತ್ತರ 1

ನಾನು ಹೊರದೇಶದ ಆಪರೇಷನ್ ಥಿಯೇಟರಿನಲ್ಲಿ 14 ವರ್ಷ ನರ್ಸ್ ಆಗಿದ್ದವಳು. ಮೊದಲು ಆ 53ರ ಭಯ ಬಿಡಿ. ಅದು ಬೇರೆ ಅಳತೆ, ಮಿಲಿಮೋಲ್ ಪರ್ ಮೋಲ್. 7 ಪರ್ಸೆಂಟ್ ಅಂದರೂ ಅದು ಅಂದರೂ ಒಂದೇ. ಬೆರಳು ಚುಚ್ಚಿ ನೋಡುವ ಸಕ್ಕರೆಯೂ ಹಾಗೆಯೇ: 7.8 ಎಂದಿದ್ದರೆ 18ರಿಂದ ಗುಣಿಸಿ, ನಮ್ಮೂರಿನ ಅಳತೆಯಲ್ಲಿ ಸುಮಾರು 140 ಸಿಗುತ್ತದೆ.

ಇನ್ನು ಕಲ್ಲು. ನೋವು ಕೊಡದ ಪಿತ್ತಕೋಶದ ಕಲ್ಲನ್ನು ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಶುಗರ್ ಇದೆ ಎನ್ನುವುದೊಂದೇ ಆಪರೇಷನ್ನಿಗೆ ಕಾರಣವಲ್ಲ. ಕೆಲವರಿಗೆ ತೆಗೆಯಬೇಕಾಗಬಹುದು, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಉದಾಹರಣೆಗೆ. ಅದಕ್ಕೇ ಕೇಳುತ್ತೇನೆ, ಶುಕ್ರವಾರವೇ ಏಕೆ ಅನ್ನುವುದಕ್ಕೆ ಆ ಸರ್ಜನ್ ಏನು ಕಾರಣ ಕೊಟ್ಟರು? ಅರ್ಧ ಗಂಟೆಯ ಮಾತಿನಲ್ಲಿ ಅದು ಇತ್ತಾ? ನೀವು ಬರೆದಿಲ್ಲ. ‘ಈಗ ಮಾಡಿಸದಿದ್ದರೆ ಏನಾಗುತ್ತದೆ?’ ಎಂದು ನೇರವಾಗಿ ಕೇಳಿ.

ಮೊದಲ ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಏನಿದೆ, ಓದಿಸಿದಿರಾ? ಯಾವಾಗ ಓಡಿ ಬರಬೇಕು ಎಂದು ಬರೆದಿದ್ದರೆ ಆ ಹತ್ತು ನಿಮಿಷಕ್ಕೆ ಬೆಲೆ ಇದೆ.

ಮುಂದೆ ಎಂದಾದರೂ ಆಪರೇಷನ್ ಆದರೆ, ಲಾಬಿ ನೋಡಬೇಡಿ, ಕೈ ನೋಡಿ. ರೋಗಿಯನ್ನು ಮುಟ್ಟುವ ಮೊದಲು ಕೈ ತೊಳೆಯುತ್ತಾರಾ? ಪ್ರತಿ ಸಲವೂ ಹೆಸರು, ಹುಟ್ಟಿದ ತಾರೀಖು ಕೇಳುತ್ತಾರಾ? ಕೆಲವರಿಗೆ ಇದು ಕಿರಿಕಿರಿ, ಆದರೆ ಅದೇ ಒಳ್ಳೆಯ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಚೆಕ್‌ಲಿಸ್ಟ್ ಇದೆ: ಅರಿವಳಿಕೆಗೆ ಮೊದಲು, ಕತ್ತರಿಸುವ ಮೊದಲು, ಥಿಯೇಟರಿನಿಂದ ಹೊರಗೆ ಕಳಿಸುವ ಮೊದಲು ಎಲ್ಲರೂ ನಿಂತು ಓದಬೇಕು. ನಿಮ್ಮಲ್ಲಿ ಅದನ್ನು ಬಳಸುತ್ತೀರಾ ಎಂದು ಕೇಳಿದರೆ ಯಾವ ಒಳ್ಳೆಯ ಸರ್ಜನ್ನೂ ಮುನಿಸಿಕೊಳ್ಳುವುದಿಲ್ಲ.

ಉತ್ತರ 2

ಅಕ್ಕ ಹೇಳಿದ್ದು ಸರಿ, ಆದರೆ ಏನೂ ಬೇಡ ಎಂದವರೆಲ್ಲ ಸರಿ ಅಂದುಕೊಳ್ಳಬೇಡಿ. ನನ್ನ ಮಗಳ ಕಿವಿನೋವಿಗೆ ಎರಡು ಸಲ ಸುಮ್ನೆ ವಾಪಸ್ ಕಳಿಸಿದರು. ನಾನು ಹರುಕುಮುರುಕು ಭಾಷೆಯಲ್ಲಿ ಹೇಳಿದ್ದು ಅವರಿಗೆ ಬೇರೆಯೇ ಕೇಳಿಸಿತ್ತು. ಮೂರನೇ ಸಲ ದುಭಾಷಿ ಬೇಕು ಎಂದು ಪಟ್ಟು ಹಿಡಿದೆ. ಆಗ ಕಿವಿಯ ತಮಟೆ ತೂತಾಗಿರುವುದು ಗೊತ್ತಾಯಿತು. ತಡವಾಯಿತಲ್ಲ ಎಂದು ಇವತ್ತಿಗೂ ಸಂಕಟವಾಗುತ್ತದೆ.

ಡಾಕ್ಟರ ಹೆಸರನ್ನು ಆ ದೇಶದ ರಿಜಿಸ್ಟರಿನಲ್ಲಿ ನೋಡಿ. ಡಾಕ್ಟರುಗಳ ನೋಂದಣಿ ನೋಡಿಕೊಳ್ಳುವ ಸಂಸ್ಥೆ ಬ್ರಿಟನ್ನಿನಲ್ಲಿ ಜಿಎಂಸಿ, ಆಸ್ಟ್ರೇಲಿಯಾದಲ್ಲಿ ಆಪ್ರಾ; ಅವರ ಪಟ್ಟಿಯನ್ನು ಆನ್‌ಲೈನಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ಆಸ್ಪತ್ರೆಗಳ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಸಂಸ್ಥೆ ಜೆಸಿಐ ಕೊಡುವ ಮಾನ್ಯತೆಯ ಚಿಹ್ನೆ ಇಡೀ ಆಸ್ಪತ್ರೆಯ ವ್ಯವಸ್ಥೆಗೆ ಸಿಕ್ಕಿದ್ದು. ನಿಮ್ಮ ಸರ್ಜನ್ನಿನ ಕೈಗೆ ಅಲ್ಲ.

ಪ್ರಶ್ನೆ ಕೇಳಿದವರು

ಚೀಟಿ ಓದಿಸಿದೆ. ಜ್ವರ ಬಂದರೆ, ಕಣ್ಣು ಹಳದಿಯಾದರೆ, ಬಲಪಕ್ಕೆಯ ಕೆಳಗೆ ನೋವು ಬಂದು ಬಿಡದಿದ್ದರೆ ತಕ್ಷಣ ಬನ್ನಿ ಎಂದು ಬರೆದಿದ್ದಾರೆ, ಫೋನ್ ನಂಬರ್ ಸಮೇತ. ನಾನು ಅದನ್ನು ಮಡಚಿ ಪರ್ಸಿನಲ್ಲಿ ಇಟ್ಟುಬಿಟ್ಟಿದ್ದೆ. ಇನ್ನೊಂದು ಆಸ್ಪತ್ರೆಗೆ ಫೋನ್ ಮಾಡಿ ಶುಕ್ರವಾರವೇ ಏಕೆ ಎಂದು ಕೇಳಿದೆ. ಅವತ್ತು ಥಿಯೇಟರ್ ಖಾಲಿ ಇದೆ ಎಂದರು, ಬೇರೆ ಕಾರಣ ಹೇಳಲಿಲ್ಲ. ಸದ್ಯಕ್ಕೆ ಬೇಡ ಎಂದಿದ್ದೇವೆ. ಬುಧವಾರ ಸ್ಕ್ಯಾನ್ ರಿಪೋರ್ಟ್ ಹಿಡಿದು ಹಳೇ ಆಸ್ಪತ್ರೆಗೇ ಹೋಗುತ್ತೇವೆ, ಈ ಸಲ ದುಭಾಷಿಯನ್ನು ಕೇಳಿದ್ದೇನೆ. ಗೋಡೆಯಲ್ಲಿ ಸುಣ್ಣದ ವಿಷಯವನ್ನೂ ಕೇಳುತ್ತೇನೆ ಅಕ್ಕಾ.