ಕಾನ್ಫಿಗರೇಶನ್ ಮರ್ಜ್ ಮಾಡುವಾಗ ಒಳಗಿನ ಅರೇಗಳು ಕಲಸಿಹೋಗುತ್ತಿವೆ: ಯಾವ ಲೈಬ್ರರಿ ಬಳಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನೋಡ್‌ಜೆಎಸ್‌ನಲ್ಲಿ ಬರೆದ ಒಂದೇ ಸರ್ವರನ್ನು ನಮ್ಮ ತಂಡ ಹನ್ನೊಂದು ಗ್ರಾಹಕರಿಗಾಗಿ ನಡೆಸುತ್ತಿದೆ. ಎಲ್ಲರಿಗೂ ಅನ್ವಯಿಸುವ ಡಿಫಾಲ್ಟ್ ಕಾನ್ಫಿಗರೇಶನ್ ಒಂದು ಫೈಲಿನಲ್ಲಿದೆ. ಗ್ರಾಹಕರಿಂದ ಗ್ರಾಹಕರಿಗೆ ಬದಲಾಗುವ ನಾಲ್ಕಾರು ಸಾಲುಗಳು ಮಾತ್ರ ಅವರವರ ಫೈಲಿನಲ್ಲಿವೆ. ಮೊದಲು ಇವೆರಡನ್ನೂ ಜಾವಾಸ್ಕ್ರಿಪ್ಟಿನ ಮೂರು ಚುಕ್ಕಿಯ ಸ್ಪ್ರೆಡ್‌ನಿಂದ ಸೇರಿಸುತ್ತಿದ್ದೆವು. ಅದು ಮೇಲಿನ ಒಂದು ಹಂತವನ್ನಷ್ಟೇ ನೋಡುವುದರಿಂದ, ಗ್ರಾಹಕರ ಫೈಲಿನಲ್ಲಿ ಡೇಟಾಬೇಸ್ ಎಂಬ ಕೀಯ ಕೆಳಗೆ ಪೋರ್ಟ್ ಒಂದನ್ನೇ ಬರೆದಾಗ ಡಿಫಾಲ್ಟ್‌ನಲ್ಲಿದ್ದ ಹೋಸ್ಟ್, ಟೈಮ್‌ಔಟ್ ಎರಡೂ ಅಳಿಸಿಹೋಗುತ್ತಿದ್ದವು. ಹೀಗಾಗಿ ಲೋಡ್ಯಾಶ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿರುವ, ಒಳಗಿನ ಹಂತಗಳನ್ನೂ ಸೇರಿಸುವ ಮರ್ಜ್ ಫಂಕ್ಷನ್‌ಗೆ ಬದಲಾಯಿಸಿದೆವು.

ಈಗ ಎರಡು ಹೊಸ ತೊಂದರೆಗಳು ಎದುರಾಗಿವೆ. ನಮ್ಮ ಸರ್ವರಿಗೆ ಯಾವ ಯಾವ ವೆಬ್ ವಿಳಾಸಗಳಿಂದ ಕೋರಿಕೆ ಬರಬಹುದು ಎಂಬ ಪಟ್ಟಿ ಒಂದು ಅರೇಯಲ್ಲಿದೆ. ಡಿಫಾಲ್ಟ್‌ನಲ್ಲಿ ಮೂರು ವಿಳಾಸಗಳಿವೆ: ಲೋಕಲ್‌ಹೋಸ್ಟ್, ಪರೀಕ್ಷಾ ಸರ್ವರ್ ಮತ್ತು ಡೆಮೊ ಸರ್ವರ್. ಒಬ್ಬ ಗ್ರಾಹಕರ ಫೈಲಿನಲ್ಲಿ ಅವರ ಸ್ವಂತ ವಿಳಾಸ ಒಂದೇ ಇದೆ. ಮರ್ಜ್ ಆದ ಮೇಲೆ ಆ ಒಂದೇ ವಿಳಾಸ ಉಳಿಯಬೇಕಿತ್ತು. ಆದರೆ ಅವರ ವಿಳಾಸ ಲೋಕಲ್‌ಹೋಸ್ಟ್ ಇದ್ದ ಜಾಗಕ್ಕೆ ಬಂದು, ಪರೀಕ್ಷಾ ಸರ್ವರ್ ಮತ್ತು ಡೆಮೊ ಸರ್ವರ್ ಹಾಗೆಯೇ ಉಳಿದಿದ್ದವು. ಎರಡು ವಾರ ಇದು ಪ್ರೊಡಕ್ಷನ್‌ನಲ್ಲಿ ಯಾರ ಕಣ್ಣಿಗೂ ಬೀಳದೆ ಓಡಿದೆ. ಎರಡನೆಯದಾಗಿ, ಒಬ್ಬ ಗ್ರಾಹಕರಿಗೆ ಲಾಗ್ ಹಂತವನ್ನು (ಸರ್ವರ್ ಎಷ್ಟು ವಿವರ ದಾಖಲಿಸಬೇಕು ಎಂಬುದನ್ನು) ಡೀಬಗ್ ಎಂದು ಇಟ್ಟರೆ, ಅವರ ನಂತರ ಲೋಡ್ ಆಗುವ ಎಲ್ಲರಿಗೂ ಅದೇ ಅಂಟಿಕೊಳ್ಳುತ್ತಿದೆ. ಡೀಪ್‌ಮರ್ಜ್ ಎಂಬ ಲೈಬ್ರರಿಗೆ ಹೋದರೆ ಇವೆರಡೂ ಸರಿಹೋಗುತ್ತವೆಯೇ?

ಉತ್ತರ 1

ಲೈಬ್ರರಿ ಬದಲಿಸುವ ಮೊದಲು ಏನಾಗುತ್ತಿದೆ ಎಂಬುದನ್ನು ನೋಡೋಣ. ಇವೆರಡೂ ಬಗ್‌ಗಳಲ್ಲ, ಆ ಫಂಕ್ಷನ್ ಇರುವುದೇ ಹಾಗೆ. ಲೋಡ್ಯಾಶ್‌ನ ಮರ್ಜ್ ಅರೇಯನ್ನು ಕೂಡ ಸೊನ್ನೆ, ಒಂದು, ಎರಡು ಎಂಬ ಕೀಗಳಿರುವ ಆಬ್ಜೆಕ್ಟ್‌ನಂತೆ ಕಾಣುತ್ತದೆ. ಆದ್ದರಿಂದ ಸೊನ್ನೆಯ ಸ್ಥಾನವನ್ನು ಸೊನ್ನೆಯೊಂದಿಗೆ ಹೊಂದಿಸುತ್ತದೆ. ಎದುರು ಸ್ಥಾನ ಇಲ್ಲದವು ಇದ್ದಂತೆಯೇ ಉಳಿಯುತ್ತವೆ. ಇದೇ ಕಾರಣಕ್ಕೆ, ಪಟ್ಟಿಯನ್ನು ಬರಿದು ಮಾಡಲೆಂದು ಗ್ರಾಹಕರ ಫೈಲಿನಲ್ಲಿ ಖಾಲಿ ಅರೇ ಬರೆದರೂ ಡಿಫಾಲ್ಟ್‌ನ ಮೂರೂ ವಿಳಾಸಗಳು ಉಳಿದೇ ಇರುತ್ತವೆ. ನಿಮ್ಮ ಹನ್ನೊಂದು ಫೈಲುಗಳಲ್ಲಿ ಎಲ್ಲಾದರೂ ಖಾಲಿ ಅರೇ ಇದ್ದರೆ ಇವತ್ತೇ ಪರಿಶೀಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಎರಡನೆಯ ತೊಂದರೆಗೆ ಕಾರಣ, ಮರ್ಜ್ ತನಗೆ ಕೊಟ್ಟ ಮೊದಲ ಆಬ್ಜೆಕ್ಟನ್ನೇ ತಿದ್ದುತ್ತದೆ ಎಂಬುದು. ನೀವು ಡಿಫಾಲ್ಟನ್ನು ಮೊದಲ ಆರ್ಗ್ಯುಮೆಂಟ್ ಆಗಿ ಕೊಟ್ಟಿರಬೇಕು. ಮೊದಲು ಒಂದು ಖಾಲಿ ಆಬ್ಜೆಕ್ಟ್, ಆಮೇಲೆ ಡಿಫಾಲ್ಟ್, ಕೊನೆಗೆ ಗ್ರಾಹಕರದು ಎಂದು ಕೊಟ್ಟರೆ ಅದು ನಿಲ್ಲುತ್ತದೆ.

ಡೀಪ್‌ಮರ್ಜ್ ಹೊಸ ಆಬ್ಜೆಕ್ಟನ್ನೇ ಹಿಂತಿರುಗಿಸುತ್ತದೆ; ಆ ಮಟ್ಟಿಗೆ ಅದು ವಾಸಿ. ಆದರೆ ಅರೇಗಳ ವಿಷಯದಲ್ಲಿ ಅದರ ಡಿಫಾಲ್ಟ್ ನಿಮಗೆ ಇನ್ನೂ ತೊಡಕು ತರುತ್ತದೆ, ಏಕೆಂದರೆ ಅದು ಎರಡು ಅರೇಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತದೆ. ಏನೂ ಹೇಳದೆ ಬಳಸಿದರೆ ಲೋಕಲ್‌ಹೋಸ್ಟ್ ಸಹಿತ ನಾಲ್ಕೂ ವಿಳಾಸಗಳಿಗೆ ಬಾಗಿಲು ತೆರೆದಂತಾಗುತ್ತದೆ. ಅರೇಮರ್ಜ್ ಎಂಬ ಆಯ್ಕೆಗೆ, ಎರಡನೆಯ ಅರೇಯನ್ನೇ ಹಿಂತಿರುಗಿಸುವ ಒಂದು ಸಾಲಿನ ಫಂಕ್ಷನ್ ಕೊಟ್ಟರೆ ನಿಮಗೆ ಬೇಕಾದ ಫಲಿತಾಂಶ ಸಿಗುತ್ತದೆ. ಲೋಡ್ಯಾಶ್‌ನಲ್ಲೇ ಉಳಿಯುವುದಾದರೆ, ಸೇರಿಸುವ ನಿಯಮವನ್ನು ನಿಮ್ಮದೇ ಫಂಕ್ಷನ್ ಆಗಿ ಕೊಡಬಹುದಾದ ಮರ್ಜ್‌ವಿತ್ ಬಳಸಿ: ಬರುವ ಮೌಲ್ಯ ಅರೇ ಆಗಿದ್ದರೆ ಅದರ ಪ್ರತಿಯನ್ನು ಹಿಂತಿರುಗಿಸಿ, ಇಲ್ಲವಾದರೆ ಏನನ್ನೂ ಹಿಂತಿರುಗಿಸಬೇಡಿ, ಆಗ ಅದು ತನ್ನ ಎಂದಿನ ದಾರಿಯಲ್ಲೇ ಮುಂದುವರಿಯುತ್ತದೆ. ಪ್ರತಿ ಎಂದು ಒತ್ತಿ ಹೇಳುತ್ತಿದ್ದೇನೆ. ಬಂದ ಅರೇಯನ್ನೇ ಹಿಂತಿರುಗಿಸಿದರೆ ಫಲಿತಾಂಶವೂ ಮೂಲ ಫೈಲಿನ ಆಬ್ಜೆಕ್ಟೂ ಒಂದೇ ಅರೇಯನ್ನು ಹಂಚಿಕೊಳ್ಳುತ್ತವೆ, ಮುಂದೊಂದು ದಿನ ಯಾರೋ ಅದಕ್ಕೆ ಪುಶ್ ಮಾಡಿದಾಗ (ಹೊಸ ಸದಸ್ಯ ಸೇರಿಸಿದಾಗ) ನಿಮ್ಮ ಎರಡನೆಯ ತೊಂದರೆ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಉತ್ತರ 2

ಮೇಲಿನ ಉತ್ತರಕ್ಕೆ ಭದ್ರತೆಯ ದೃಷ್ಟಿಯಿಂದ ಒಂದು ಮಾತು ಸೇರಿಸುತ್ತೇನೆ. ಗ್ರಾಹಕರ ಕಾನ್ಫಿಗರೇಶನ್ ನೀವೇ ಬರೆದ ಫೈಲಿನಿಂದ ಬರುತ್ತದೆಯೇ, ಅಥವಾ ಅವರೇ ಯಾವುದೋ ಪುಟದಲ್ಲಿ ತುಂಬಿ ಕಳುಹಿಸುವ ಜೇಸನ್‌ನಿಂದ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಬರುತ್ತದೆಯೇ? ಎರಡನೆಯದಾದರೆ ಲೈಬ್ರರಿಯ ಆವೃತ್ತಿಯನ್ನು ಖಂಡಿತ ನೋಡಿಕೊಳ್ಳಬೇಕು. ಹಿಂದೆ ಮುಂದೆ ಎರಡೆರಡು ಅಡಿಗೆರೆಗಳಿರುವ ಪ್ರೋಟೊ ಎಂಬ ಕೀಯನ್ನು ಯಾರಾದರೂ ಜೇಸನ್‌ನಲ್ಲಿ ಇಟ್ಟು ಕಳುಹಿಸಿದರೆ, ಜೇಸನ್ ಪಾರ್ಸರ್ ಅದನ್ನು ಸಾಮಾನ್ಯ ಕೀಯಂತೆಯೇ ಸ್ವೀಕರಿಸುತ್ತದೆ. ಎಚ್ಚರವಿಲ್ಲದ ಮರ್ಜ್ ಫಂಕ್ಷನ್ ಆ ಕೀಯ ಒಳಗೆ ಇಳಿದಾಗ ಅದು ತಲುಪುವುದು ಎಲ್ಲ ಆಬ್ಜೆಕ್ಟ್‌ಗಳಿಗೂ ಮೂಲವಾದ ಪ್ರೋಟೊಟೈಪನ್ನು. ಅಲ್ಲಿ ಅಡ್ಮಿನ್ ಎಂಬ ಕೀಗೆ ಟ್ರೂ ಎಂದು ಬರೆದುಬಿಟ್ಟರೆ, ಆ ಪ್ರೊಸೆಸ್‌ನಲ್ಲಿ ಅಡ್ಮಿನ್ ಎಂಬ ಕೀ ಇಲ್ಲದ ಪ್ರತಿಯೊಂದು ಸಾಧಾರಣ ಆಬ್ಜೆಕ್ಟೂ ಕೇಳಿದಾಗ ಟ್ರೂ ಎಂದೇ ಉತ್ತರಿಸುತ್ತದೆ.

ಲೋಡ್ಯಾಶ್‌ನ ಮರ್ಜ್‌ನಲ್ಲಿದ್ದ ಈ ದೋಷಕ್ಕೆ 4.17.5 ಮತ್ತು 4.17.11 ಆವೃತ್ತಿಗಳಲ್ಲಿ ಪರಿಹಾರ ಬಂದಿತು, ಅದೇ ಲೈಬ್ರರಿಯ ಡಿಫಾಲ್ಟ್ಸ್‌ಡೀಪ್ ಫಂಕ್ಷನ್‌ಗೆ 2019ರಲ್ಲಿ 4.17.12ರವರೆಗೆ ಕಾಯಬೇಕಾಯಿತು. ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿಯ ಎಕ್ಸ್‌ಟೆಂಡ್ ಫಂಕ್ಷನ್‌ನಲ್ಲಿದ್ದ ಇದೇ ದೋಷವನ್ನು ಅದೇ ವರ್ಷ 3.4.0ರಲ್ಲಿ ಸರಿಪಡಿಸಲಾಯಿತು. ಇಷ್ಟು ಜನ ಬಳಸುವ ಲೈಬ್ರರಿಗಳೇ ಎಡವಿದ ಜಾಗ ಇದು. ಹತ್ತು ಸಾಲಿನ ಮರ್ಜ್ ಫಂಕ್ಷನನ್ನು ತಾವೇ ಬರೆದುಕೊಳ್ಳುವ ಗೆಳೆಯರು ಇದನ್ನು ದಯವಿಟ್ಟು ಗಮನದಲ್ಲಿಡಬೇಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಫೈಲುಗಳನ್ನು ನಾವೇ ಬರೆಯುತ್ತೇವೆ, ಲೋಡ್ಯಾಶ್ ಆವೃತ್ತಿ 4.17.21. ಮರ್ಜ್‌ವಿತ್ ಬಳಸಿ ನೋಡಿದೆ, ವಿಳಾಸಗಳ ಪಟ್ಟಿ ಸರಿಯಾಗಿದೆ. ಆದರೆ ಪಾವತಿ ವಿಧಾನಗಳೂ ಒಂದು ಅರೇಯಲ್ಲಿವೆ, ಅದರ ಪ್ರತಿ ಸದಸ್ಯವೂ ಹೆಸರು, ಮಿತಿ, ಶುಲ್ಕ ಇರುವ ಆಬ್ಜೆಕ್ಟ್. ಯುಪಿಐ ಮಿತಿಯೊಂದನ್ನೇ ಬದಲಿಸಬೇಕಾದ ಗ್ರಾಹಕರು ಈಗ ಇಡೀ ಪಟ್ಟಿಯನ್ನು ಮತ್ತೆ ಬರೆಯಬೇಕಾಗಿದೆ. ಇದಕ್ಕೆ ದಾರಿ ಇದೆಯೇ?

ಉತ್ತರ 3

ಒಂದೇ ಕಾನ್ಫಿಗರೇಶನ್‌ನಲ್ಲಿ ಎರಡು ಬಗೆಯ ಅರೇಗಳಿವೆ ಎಂಬುದನ್ನು ನೀವೇ ಕಂಡುಕೊಂಡಿದ್ದೀರಿ. ವಿಳಾಸಗಳ ಪಟ್ಟಿ ಇಡಿಯಾಗಿ ಒಂದು ಮೌಲ್ಯ. ಪಾವತಿ ವಿಧಾನಗಳದು ಹೆಸರಿನಿಂದ ಗುರುತಿಸಬೇಕಾದ ಸದಸ್ಯರ ಗುಂಪು. ಯಾವುದು ಯಾವ ಬಗೆಯದೆಂದು ಡೇಟಾವನ್ನು ನೋಡಿ ಯಾವ ಲೈಬ್ರರಿಯೂ ಊಹಿಸಲಾರದು, ಅದನ್ನು ನಾವೇ ಹೇಳಬೇಕು. 2014ರ ಆರ್‌ಎಫ್‌ಸಿ 7396 ಎಂಬ ಇಂಟರ್ನೆಟ್ ಮಾನದಂಡ, ಅಂದರೆ ಜೇಸನ್ ಮರ್ಜ್ ಪ್ಯಾಚ್, ಈ ಗೊಂದಲವೇ ಬೇಡವೆಂದು ಅರೇಯನ್ನು ಯಾವಾಗಲೂ ಇಡಿಯಾಗಿ ಬದಲಿಸುತ್ತದೆ. ಅದರಲ್ಲಿ ನಲ್ ಎಂದರೆ ಆ ಕೀಯನ್ನೇ ತೆಗೆದುಹಾಕು ಎಂದರ್ಥ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಓಡಿಸಿ ನಿರ್ವಹಿಸುವ ಕುಬರ್ನೆಟೀಸ್ ವ್ಯವಸ್ಥೆಯವರು ಅದು ತಮಗೆ ಸಾಲದೆಂದು ಸ್ಟ್ರಾಟೆಜಿಕ್ ಮರ್ಜ್ ಪ್ಯಾಚ್ ಮಾಡಿಕೊಂಡರು. ಕಂಟೇನರ್‌ಗಳ ಪಟ್ಟಿಗೆ ಹೆಸರೇ ಗುರುತು ಎಂದು ಅಲ್ಲಿ ಸ್ಕೀಮಾದಲ್ಲೇ (ಡೇಟಾದ ರಚನೆಯ ವಿವರಣೆಯಲ್ಲೇ) ಬರೆದಿದೆ, ಹಾಗಾಗಿ ಅವು ಒಂದೊಂದಾಗಿ ಹೊಂದಿಕೊಳ್ಳುತ್ತವೆ. ಟಾಲರೇಶನ್ ಎಂಬ ಇನ್ನೊಂದು ಬಗೆಯ ಸೆಟ್ಟಿಂಗ್‌ಗಳ ಪಟ್ಟಿಗೆ ಅಂಥ ಗುರುತಿಲ್ಲ, ಅದು ಇಡಿಯಾಗಿ ಬದಲಾಗುತ್ತದೆ.

ಮರ್ಜ್‌ವಿತ್ ನಿಮ್ಮ ಫಂಕ್ಷನ್‌ಗೆ ಕೀಯ ಹೆಸರನ್ನೂ ಕೊಡುವುದರಿಂದ, ಆ ಒಂದು ಕೀಗೆ ಮಾತ್ರ ಹೆಸರಿನ ಮೇಲೆ ಹೊಂದಿಸುವ ಬೇರೆ ನಿಯಮ ಬರೆಯಬಹುದು. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಪಾವತಿ ವಿಧಾನಗಳನ್ನು ಅರೇಯಲ್ಲಿ ಇಡುತ್ತಲೇ ಇರಲಿಲ್ಲ. ಹೆಸರನ್ನೇ ಕೀ ಮಾಡಿ ಆಬ್ಜೆಕ್ಟ್ ಆಗಿ ಬರೆದರೆ ವಿಶೇಷ ನಿಯಮದ ಅಗತ್ಯವೇ ಬೀಳುವುದಿಲ್ಲ. ಪರದೆಯ ಮೇಲೆ ಅವು ಕಾಣಿಸಿಕೊಳ್ಳುವ ಕ್ರಮ ಮುಖ್ಯವಾಗಿದ್ದರೆ ಪ್ರತಿ ಸದಸ್ಯಕ್ಕೂ ಕ್ರಮಸಂಖ್ಯೆಯ ಒಂದು ಕೀ ಸೇರಿಸಿ. ಆಬ್ಜೆಕ್ಟ್‌ನ ಕೀಗಳ ಕ್ರಮವನ್ನೇ ನಂಬಬೇಡಿ, ಅಂಕಿಗಳಿಂದಲೇ ಆದ ಹೆಸರುಗಳನ್ನು ಜಾವಾಸ್ಕ್ರಿಪ್ಟ್ ಏರಿಕೆಯ ಕ್ರಮದಲ್ಲಿ ಮುಂದೆ ತಂದುಬಿಡುತ್ತದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಹಾಗೆಯೇ ಮಾಡಿದೆವು. ಪಾವತಿ ವಿಧಾನಗಳು ಈಗ ಆಬ್ಜೆಕ್ಟ್ ಆಗಿವೆ. ಯುಪಿಐ ಮಿತಿ ಬದಲಿಸಬೇಕಾದ ಗ್ರಾಹಕರ ಫೈಲಿನಲ್ಲಿ ಆ ಒಂದು ಸಾಲು ಮಾತ್ರ ಉಳಿದಿದೆ. ಮೊದಲ ಉತ್ತರದಲ್ಲಿ ಹೇಳಿದಂತೆ ಖಾಲಿ ಅರೇಗಳನ್ನು ಹುಡುಕಿದಾಗ ಇಬ್ಬರು ಗ್ರಾಹಕರ ಫೈಲುಗಳಲ್ಲಿ ಸಿಕ್ಕವು. ಎರಡರಲ್ಲೂ ಹೊರಗಿನ ವಿಳಾಸಗಳಿಗೆ ಅವಕಾಶವೇ ಇರಬಾರದಿತ್ತು, ಆದರೆ ಮೂರೂ ವಿಳಾಸಗಳು ತೆರೆದೇ ಇದ್ದವು. ನಿನ್ನೆ ರಾತ್ರಿ ಮುಚ್ಚಿದ್ದೇವೆ. ಇನ್ನು ಮುಂದೆ ಮರ್ಜ್ ಆದ ಫಲಿತಾಂಶವನ್ನು ಗ್ರಾಹಕರವಾರು ಫೈಲಿಗೆ ಬರೆದು, ಹಿಂದಿನ ಬಿಡುಗಡೆಯ ಫಲಿತಾಂಶದೊಂದಿಗೆ ಡಿಫ್ (ವ್ಯತ್ಯಾಸ) ನೋಡಿದ ಮೇಲೆಯೇ ಪ್ರೊಡಕ್ಷನ್‌ಗೆ ಕಳುಹಿಸುತ್ತೇವೆ.