ಕೋಣೆ ತಣ್ಣಗಾಗುವ ಮೊದಲೇ ನಿಲ್ಲುವ ಎಸಿ: ಕೆಟ್ಟಿರುವುದು ಸೆನ್ಸರೋ, ಬೋರ್ಡೋ?

ಪ್ರಶ್ನೆ

ನಮ್ಮ ಮನೆಯಲ್ಲಿ ಆರು ವರ್ಷ ಹಳೆಯದಾದ ಇನ್ವರ್ಟರ್ ಸ್ಪ್ಲಿಟ್ ಎಸಿ ಇದೆ. ಎರಡು ವಾರಗಳಿಂದ ಅದರಲ್ಲೊಂದು ತೊಂದರೆ ಕಾಣಿಸಿಕೊಂಡಿದೆ. ರಿಮೋಟ್‌ನಲ್ಲಿ 24 ಡಿಗ್ರಿ ಇಟ್ಟು ಚಾಲೂ ಮಾಡಿದರೆ ಹತ್ತು ಹನ್ನೆರಡು ನಿಮಿಷ ತಣ್ಣನೆಯ ಗಾಳಿ ಚೆನ್ನಾಗಿಯೇ ಬರುತ್ತದೆ. ಆಮೇಲೆ ಕಂಪ್ರೆಸರ್ ನಿಂತು, ಒಳಗಿನ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಆ ಹೊತ್ತಿಗೆ ಮೇಜಿನ ಮೇಲಿಟ್ಟ ಥರ್ಮಾಮೀಟರ್ ಇನ್ನೂ 29 ಡಿಗ್ರಿ ತೋರಿಸುತ್ತಿರುತ್ತದೆ. ದಿನಕ್ಕೊಮ್ಮೆಯೋ ಎರಡು ಸಲವೋ ಎರರ್ ಕೋಡ್ ಬರುತ್ತದೆ. ಕೈಪಿಡಿಯ ಪ್ರಕಾರ ಅದು ಒಳಗಿನ ಕೋಣೆ-ಉಷ್ಣತೆಯ ಸೆನ್ಸರ್‌ಗೆ ಸಂಬಂಧಿಸಿದ್ದು. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಕೋಡ್ ಹೋಗುತ್ತದೆ.

ನೋಡಲು ಬಂದ ಮೆಕ್ಯಾನಿಕ್ ಮೊದಲು ಗ್ಯಾಸ್ ಕಡಿಮೆಯಾಗಿದೆ ಎಂದರು. ಗೇಜ್ ಹಾಕಿ ಒತ್ತಡ ಸರಿಯಿದೆ ಎಂದು ಕಂಡ ಮೇಲೆ, ಒಳಗಿನ ಬೋರ್ಡನ್ನೇ (ಎಸಿಯನ್ನು ನಿಯಂತ್ರಿಸುವ ಸರ್ಕ್ಯೂಟ್ ಫಲಕ) ಬದಲಿಸಬೇಕು ಎಂದು ಹೇಳಿ ಹೋದರು. ಸೆನ್ಸರನ್ನು ಅವರು ಬಿಚ್ಚಿ ನೋಡಲಿಲ್ಲ. ನನ್ನ ಬಳಿ ಮಲ್ಟಿಮೀಟರ್ ಇದೆ, ಬಳಸಿ ಅಭ್ಯಾಸವೂ ಇದೆ. ಬೋರ್ಡಿಗೆ ಹಣ ಸುರಿಯುವ ಮೊದಲು ನಾನೇ ಏನನ್ನು ಅಳೆದು ನೋಡಬಹುದು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ಮುಚ್ಚಳ ಬಿಚ್ಚುವುದಕ್ಕೂ ಮೊದಲು ರಿಮೋಟನ್ನು ನೋಡಿ. ಕೆಲವು ಮಾದರಿಗಳಲ್ಲಿ ರಿಮೋಟಿನೊಳಗೂ ಒಂದು ಸೆನ್ಸರ್ ಇರುತ್ತದೆ. ಆ ಸೌಲಭ್ಯ ಚಾಲೂ ಆಗಿದ್ದರೆ ಎಸಿ ತನ್ನ ಸೆನ್ಸರನ್ನು ಬಿಟ್ಟು ರಿಮೋಟ್ ಹೇಳುವ ಉಷ್ಣತೆಯನ್ನೇ ನಂಬುತ್ತದೆ. ಅಂಥ ರಿಮೋಟ್ ತಣ್ಣನೆಯ ಗಾಳಿ ನೇರವಾಗಿ ಬೀಸುವ ಜಾಗದಲ್ಲಿ ಬಿದ್ದಿದ್ದರೆ ಎಸಿ ಬೇಗನೆ ನಿಲ್ಲುವುದು ಸಹಜ. ಆದರೆ ನಿಮಗೆ ಕೋಡ್ ಕೂಡ ಬರುತ್ತಿರುವುದರಿಂದ ಕಾರಣ ಇದಾಗಿರಲಾರದು ಎಂದು ನನಗನಿಸುತ್ತದೆ.

ಆ ಕೋಡ್ ಹೇಳುವುದು ಸೆನ್ಸರ್ ಸರ್ಕ್ಯೂಟಿನಲ್ಲಿ ದೋಷವಿದೆ ಎಂಬುದನ್ನಷ್ಟೆ. ಸೆನ್ಸರಿನ ತುದಿ, ಅದರ ತಂತಿ, ಕನೆಕ್ಟರ್, ಬೋರ್ಡ್ ನಾಲ್ಕೂ ಆ ಸರ್ಕ್ಯೂಟಿನಲ್ಲೇ ಸೇರಿವೆ. ಮನೆಯ ಎಸಿಗಳಲ್ಲಿ ಬಳಸುವ ಸೆನ್ಸರ್ ಸಾಮಾನ್ಯವಾಗಿ ಎನ್‌ಟಿಸಿ ಥರ್ಮಿಸ್ಟರ್, ಎಂದರೆ ಬಿಸಿಯಾದಷ್ಟೂ ಪ್ರತಿರೋಧ ಇಳಿಯುವ, ತಣ್ಣಗಾದಷ್ಟೂ ಏರುವ ಬಿಡಿಭಾಗ. ಒಳಗಿನ ಯೂನಿಟ್ಟಿನಲ್ಲಿ ಅದು 25 ಡಿಗ್ರಿಯಲ್ಲಿ 10 ಕಿಲೋ ಓಮ್ ಅಥವಾ 5 ಕಿಲೋ ಓಮ್ ಇರುವುದು ಹೆಚ್ಚು. ತಂತಿ ಪೂರ್ತಿ ಕಡಿದರೆ ಅಥವಾ ಎರಡೂ ತಂತಿಗಳು ಒಂದಕ್ಕೊಂದು ತಗುಲಿದರೆ ಬೋರ್ಡ್ ಅದನ್ನು ಗುರುತಿಸಿ ಕೋಡ್ ತೋರಿಸುತ್ತದೆ. ಆದರೆ ನಡುವೆ ಎಲ್ಲೋ ಒಂದೆರಡು ಕಿಲೋ ಓಮ್ ಹೆಚ್ಚುವರಿಯಾಗಿ ಸೇರಿಕೊಂಡರೆ ಅದನ್ನು ದೋಷವೆಂದು ಗುರುತಿಸುವ ದಾರಿ ಬೋರ್ಡಿಗಿಲ್ಲ. ಕೋಣೆ ನಿಜವಾಗಿಯೂ ತಣ್ಣಗಾಗಿದೆ ಎಂದೇ ಅದು ನಂಬುತ್ತದೆ. ಸಾಮಾನ್ಯ 10 ಕಿಲೋ ಓಮ್ ಸೆನ್ಸರ್ 29 ಡಿಗ್ರಿಯಲ್ಲಿ ಸುಮಾರು 8.4 ಕಿಲೋ ಓಮ್, 24 ಡಿಗ್ರಿಯಲ್ಲಿ ಸುಮಾರು 10.5 ಕಿಲೋ ಓಮ್ ತೋರಿಸುತ್ತದೆ. ಆದ್ದರಿಂದ ಎಲ್ಲೋ 2 ಕಿಲೋ ಓಮ್ ಸೇರಿಕೊಂಡರೂ ಸಾಕು, 29 ಡಿಗ್ರಿಯ ಕೋಣೆ ಬೋರ್ಡಿಗೆ 24 ಡಿಗ್ರಿಯಾಗಿ ಕಾಣುತ್ತದೆ. ನೀವು ಬರೆದಿರುವ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಅಳೆಯುವ ಮುನ್ನ ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ಚನ್ನೇ ಆಫ್ ಮಾಡಿ. ರಿಮೋಟಿನಲ್ಲಿ ಆರಿಸಿದರೆ ಸಾಲದು. ಕರೆಂಟ್ ಇರುವಾಗ ಬೋರ್ಡಿನ 5 ವೋಲ್ಟ್ ಅಳೆಯುವ ಸಾಹಸ ಬೇಡ, ಏಕೆಂದರೆ ಕೆಲವು ಬೋರ್ಡುಗಳಲ್ಲಿ ಆ 5 ವೋಲ್ಟಿನ ಭಾಗವೂ ಮುಖ್ಯ ವಿದ್ಯುತ್ತಿನಿಂದ ಬೇರ್ಪಟ್ಟಿರುವುದಿಲ್ಲ. ಹೊರಗಿನ ಯೂನಿಟ್ಟನ್ನು ಮುಟ್ಟಲೇಬೇಡಿ; ಇನ್ವರ್ಟರ್ ಬೋರ್ಡಿನ ಕೆಪಾಸಿಟರುಗಳಲ್ಲಿ ಸ್ವಿಚ್ ಆರಿಸಿದ ಮೇಲೂ ಪ್ರಾಣಾಪಾಯ ತರುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಕನೆಕ್ಟರನ್ನು ಬೋರ್ಡಿನಿಂದ ಕಳಚಿಯೇ ಅಳೆಯಿರಿ, ಇಲ್ಲದಿದ್ದರೆ ಬೋರ್ಡಿನ ಮೇಲಿನ ರೆಸಿಸ್ಟರ್ ಕೂಡ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಸೆನ್ಸರಿನ ತುದಿಯನ್ನು ಕೈಯಲ್ಲಿ ಹಿಡಿಯಬೇಡಿ, ಬೆರಳಿನ ಬಿಸಿಗೆ ಅಂಕಿ ಇಳಿಯುತ್ತಾ ಹೋಗುತ್ತದೆ. ಕೋಣೆಯ ಸೆನ್ಸರ್ ಮತ್ತು ಕಾಯಿಲ್‌ನ (ಗಾಳಿಯನ್ನು ತಣ್ಣಗಾಗಿಸುವ ಕೊಳವೆಗಳ ಸುರುಳಿಯ) ಸೆನ್ಸರ್ ಎರಡನ್ನೂ ಅಳೆದು ಇಲ್ಲಿ ಬರೆಯಿರಿ. ಎಸಿ ರಾತ್ರಿಯಿಡೀ ಆರಿದ್ದರೆ ಎರಡೂ ಕೋಣೆಯ ಉಷ್ಣತೆಯಲ್ಲೇ ಇರುತ್ತವೆ. ಎರಡೂ ಒಂದೇ ಬಗೆಯವಾಗಿದ್ದರೆ ಅಂಕಿಗಳೂ ಹೆಚ್ಚುಕಡಿಮೆ ಒಂದೇ ಇರಬೇಕು.

ಪ್ರಶ್ನೆ ಕೇಳಿದವರು

ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದಗಳು. ನಮ್ಮ ರಿಮೋಟಿನಲ್ಲಿ ಆ ಸೌಲಭ್ಯವಿಲ್ಲ. ಇಂದು ಬೆಳಿಗ್ಗೆ ಎಂಸಿಬಿ ಆರಿಸಿ ಅಳೆದೆ. ಕೋಣೆ 29 ಡಿಗ್ರಿ ಇತ್ತು. ಕಾಯಿಲ್ ಸೆನ್ಸರ್ 8.4 ಕಿಲೋ ಓಮ್ ತೋರಿಸಿ ಅಲ್ಲೇ ನಿಂತಿತು. ಕೋಣೆಯ ಸೆನ್ಸರ್ 10.6 ತೋರಿಸಿತು. ಕನೆಕ್ಟರಿನ ಹತ್ತಿರ ತಂತಿಯನ್ನು ಸ್ವಲ್ಪ ಅಲುಗಾಡಿಸಿದಾಗ ಅಂಕಿ 13ಕ್ಕೆ ಹಾರಿ, ಒಂದು ಸಲ ಪೂರ್ತಿ ಓಪನ್ ಆಗಿ (ಸಂಪರ್ಕವೇ ಕಡಿದಂತೆ), ಮತ್ತೆ 10.6ಕ್ಕೆ ಬಂತು. ಅಂದರೆ ಸೆನ್ಸರಿನ ತುದಿಯೇ ಕೆಟ್ಟಿದೆಯೇ?

ಎರಡನೆಯ ಉತ್ತರ

ತುದಿ ಕೆಟ್ಟಿದ್ದರೆ ಕನೆಕ್ಟರಿನ ಬಳಿ ಅಲುಗಾಡಿಸಿದಾಗ ಅಂಕಿ ಹಾರುತ್ತಿರಲಿಲ್ಲ. ದೋಷ ಇರುವುದು ನೀವು ಕೈಯಿಟ್ಟ ಜಾಗದಲ್ಲೇ, ಹೆಚ್ಚಾಗಿ ಕನೆಕ್ಟರಿನೊಳಗೆ ತಂತಿಯನ್ನು ಒತ್ತಿ ಹಿಡಿದಿರುವ ಲೋಹದ ಪಿನ್ನಿನಲ್ಲಿ. ಖಚಿತಪಡಿಸಿಕೊಳ್ಳಲು ಒಂದು ದಾರಿಯಿದೆ. ಎರಡು ಹೊಲಿಗೆ ಸೂಜಿಗಳನ್ನು ಕನೆಕ್ಟರಿನಿಂದ ನಾಲ್ಕು ಬೆರಳು ಸೆನ್ಸರಿನ ಕಡೆಗೆ, ತಂತಿಗೊಂದರಂತೆ, ಪ್ಲಾಸ್ಟಿಕ್ ಹೊದಿಕೆಯ ಮೂಲಕ ಚುಚ್ಚಿ ಅಳೆಯಿರಿ. ಅಲ್ಲಿ 8.4ರ ಆಸುಪಾಸು ಬಂದರೆ ಸೆನ್ಸರಿನ ತುದಿ ಸರಿಯಿದೆ, ಕನೆಕ್ಟರಿನ ಕಡೆಯ ತುಂಡು ಹಾಳಾಗಿದೆ ಎಂದು ನಿಸ್ಸಂಶಯವಾಗಿ ಹೇಳಬಹುದು.

ಬೋರ್ಡಿನ ವಿಷಯವನ್ನೂ ಇದೇ ಹೊತ್ತಿನಲ್ಲಿ ತೀರ್ಮಾನಿಸಿಬಿಡಿ. ಕಾಯಿಲ್ ಸೆನ್ಸರನ್ನು ಅದರ ಜಾಗದಲ್ಲೇ ಬಿಟ್ಟು, ಕೋಣೆಯ ಸೆನ್ಸರಿನ ಬದಲಿಗೆ 10 ಕಿಲೋ ಓಮ್‌ನ ಸಾದಾ ರೆಸಿಸ್ಟರನ್ನು ಆ ಪಿನ್ನುಗಳಿಗೆ ಸಿಕ್ಕಿಸಿ, ಬೇರೆ ಯಾವುದಕ್ಕೂ ತಾಗದಂತೆ ಟೇಪ್ ಸುತ್ತಿ, ಮುಚ್ಚಳ ಹಾಕಿದ ಮೇಲೆ ಕರೆಂಟ್ ಕೊಡಿ. ಬೋರ್ಡಿಗೆ ಕೋಣೆ ಸದಾ 25 ಡಿಗ್ರಿಯಾಗಿ ಕಾಣುತ್ತದೆ. ಆಗ 20ಕ್ಕೆ ಇಟ್ಟರೆ ಎಸಿ ನಿಲ್ಲದೆ ಓಡಬೇಕು, 30ಕ್ಕೆ ಇಟ್ಟರೆ ಕಂಪ್ರೆಸರ್ ನಿಲ್ಲಬೇಕು. ಹಾಗಾದರೆ ಬೋರ್ಡ್ ನಿರ್ದೋಷಿ. ರೆಸಿಸ್ಟರ್ ಇದ್ದಾಗಲೂ ಅದೇ ಕೋಡ್ ಬಂದರೆ ಮಾತ್ರ ಮೆಕ್ಯಾನಿಕ್ ಹೇಳಿದ್ದು ನಿಜ. ಇದು ಪರೀಕ್ಷೆಗಷ್ಟೆ, ರೆಸಿಸ್ಟರನ್ನೇ ಇಟ್ಟು ದಿನಗಟ್ಟಲೆ ಓಡಿಸಬಾರದು.

ಪ್ರಶ್ನೆ ಕೇಳಿದವರು

ಎರಡೂ ಪರೀಕ್ಷೆ ಮಾಡಿದೆ. ಸೂಜಿ ಚುಚ್ಚಿದ ಕಡೆ 8.4 ಬಂತು, ಎಷ್ಟು ಅಲುಗಾಡಿಸಿದರೂ ಬದಲಾಗಲಿಲ್ಲ. ರೆಸಿಸ್ಟರ್ ಹಾಕಿ ಒಂದು ಗಂಟೆ ಎದುರಿಗೇ ಕುಳಿತು ನೋಡಿದೆ. ನೀವು ಹೇಳಿದಂತೆಯೇ 20ಕ್ಕೆ ಓಡಿತು, 30ಕ್ಕೆ ನಿಂತಿತು, ಕೋಡ್ ಬರಲಿಲ್ಲ. ಆಮೇಲೆ ಹಳೆಯ ಕನೆಕ್ಟರಿನಿಂದ ಪಿನ್ನನ್ನು ಹೊರಗೆಳೆದು ತಂತಿಯ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದೆ. ಒಳಗಿನ ತಾಮ್ರದ ಎಳೆಗಳು ಅರ್ಧ ಅಂಗುಲದಷ್ಟು ದೂರ ಕಿಲುಬು ಹಿಡಿದು ಹಸಿರಾಗಿದ್ದವು, ಪಿನ್ ಒತ್ತಿದ್ದ ಜಾಗದಲ್ಲಿ ಕಪ್ಪಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿದವು. ಎರಡು ಎಳೆಗಳು ಮಾತ್ರ ಗಟ್ಟಿಯಾಗಿದ್ದವು. ಬೋರ್ಡ್ ಬದಲಿಸಿದ್ದರೆ ಇದೇ ಕನೆಕ್ಟರನ್ನು ಹೊಸ ಬೋರ್ಡಿಗೂ ಸಿಕ್ಕಿಸುತ್ತಿದ್ದರಲ್ಲ ಎಂದು ಯೋಚಿಸಿದಾಗ ನಿಜಕ್ಕೂ ಬೇಸರವಾಯಿತು. ಆದರೆ ಅಲ್ಲಿಗೆ ನೀರು ಹೋದದ್ದು ಹೇಗೆ?

ಮೊದಲ ಉತ್ತರ ಬರೆದವರು

ಆ ತಂತಿ ಕಾಯಿಲ್‌ನ ಅಂಚಿನಿಂದ ಬೋರ್ಡಿನ ಪೆಟ್ಟಿಗೆಗೆ ಇಳಿಜಾರಾಗಿ ಬಂದಿದೆಯೇ ನೋಡಿ. ಕಾಯಿಲ್ ಮೇಲೆ ಕೂಡುವ ತೇವ ಹನಿಯಾಗಿ ತಂತಿಯ ಗುಂಟ ಹರಿದು ಕನೆಕ್ಟರ್ ಸೇರುತ್ತದೆ. ಹೊಸ ಸೆನ್ಸರ್ ಹಾಕುವಾಗ ಪೆಟ್ಟಿಗೆಗೆ ಹೋಗುವ ಮೊದಲು ತಂತಿ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರುವಂತೆ ಕಟ್ಟಿ. ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಬೋರ್ಡಿನ ಪಿನ್ನುಗಳಲ್ಲೂ ಕಿಲುಬಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೃದುವಾದ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಕರೆಂಟ್ ಕೊಡಿ. ಸೆನ್ಸರ್ ಕೊಳ್ಳುವಾಗ 10 ಕಿಲೋ ಓಮ್ ಎಂಬುದೊಂದೇ ಸಾಲದು, ಬೀಟಾ ಅಂಕಿಯೂ (ಉಷ್ಣತೆಯೊಂದಿಗೆ ಪ್ರತಿರೋಧ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಅಳತೆ) ಹಳೆಯದಕ್ಕೆ ಹೊಂದಬೇಕು. ಎರಡು ಸೆನ್ಸರುಗಳು 25 ಡಿಗ್ರಿಯಲ್ಲಿ ಸರಿಸಮವಾಗಿದ್ದರೂ ಬೀಟಾ ಬೇರೆಯಾದರೆ ಮಂಜುಗಡ್ಡೆ ನೀರಿನಲ್ಲಿ ಒಂದು 28, ಇನ್ನೊಂದು 33 ಕಿಲೋ ಓಮ್ ತೋರಿಸಬಹುದು. ನಿಮ್ಮ ಮಾದರಿಯ ಸಂಖ್ಯೆ ಹೇಳಿಯೇ ತರಿಸಿಕೊಳ್ಳಿ.

ಎರಡನೆಯ ಉತ್ತರ ಬರೆದವರು

ಜೋಡಿಸುವಾಗ ಕೋಣೆಯ ಸೆನ್ಸರಿನ ತುದಿ ಅದರ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲೇ ಕೂರಲಿ, ಕಾಯಿಲ್‌ನ ರೆಕ್ಕೆಗಳಿಗೆ ತಾಗದಿರಲಿ. ತಾಗಿದರೆ ಹೊಸ ಸೆನ್ಸರ್ ಇದ್ದೂ ಎಸಿ ಹತ್ತೇ ನಿಮಿಷಕ್ಕೆ ನಿಲ್ಲುತ್ತದೆ. ಕಾಯಿಲ್ ಸೆನ್ಸರಿನದು ಇದಕ್ಕೆ ತದ್ವಿರುದ್ಧ, ಅದು ತಾಮ್ರದ ಗೂಡಿನೊಳಗೆ ಬಿಗಿಯಾಗಿ ಕೂತಿರಬೇಕು. ಮುಚ್ಚಳ ಹಾಕುವ ಮೊದಲು ಅದನ್ನೂ ಒಮ್ಮೆ ಒತ್ತಿ ನೋಡಿ.